ಪದ ಪರಿಚಯ: ಆಂಪಿಯರ್-ಅವರ್

“ಈ ಬ್ಯಾಟರಿ ಗಂಟೆಗೆ 100 ಆಂಪಿಯರ್ ಕೊಡುತ್ತೆ.”

ಟ್ರಕ್ಕಿನ ಬ್ಯಾಟರಿ ಬದಲಿಸಲು ಹೊರಟ ಗೆಳೆಯನೊಬ್ಬ ಮೊನ್ನೆ ಕಳಿಸಿದ ಸಾಲು ಇದು. ಅವನಿಗೆ ಯಾರೋ ಹಾಗೆ ಹೇಳಿದ್ದರಂತೆ. ಬ್ಯಾಟರಿ ಮೇಲೆ ಅಚ್ಚಾಗಿರುವುದು “100 ಆಂಪಿಯರ್-ಅವರ್” ಎಂದು. ಅದು ಬ್ಯಾಟರಿಯಲ್ಲಿ ಎಷ್ಟು ದಾಸ್ತಾನಿದೆ ಎಂಬುದರ ಅಳತೆ. ಇದನ್ನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಈ ಸಲ ಸುಮ್ಮನಿರಲು ಮನಸ್ಸು ಬರಲಿಲ್ಲ. ಅವನ ಟ್ರಕ್ಕಿನಲ್ಲಿ ಫ್ರಿಜ್ ಇದೆ, ಇನ್ವರ್ಟರ್ ಇದೆ, ಮುಂದೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇದೆ, ಕ್ಯಾಮೆರಾ ಇದೆ, ಹೆಚ್ಚುವರಿ ಲೈಟುಗಳಿವೆ. ಆ “ಗಂಟೆಗೆ” ಎಂಬ ಮಾತನ್ನು ನಂಬಿ ಬ್ಯಾಟರಿ ತಂದರೆ ರಾತ್ರಿಯೆಲ್ಲ ಫ್ರಿಜ್ ಓಡುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ.

ತಪ್ಪು ಇರುವುದು ಆ “ಗೆ” ಪ್ರತ್ಯಯದಲ್ಲಿ. “ಗಂಟೆಗೆ 60 ಕಿಲೋಮೀಟರ್” ಎಂದರೆ ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದ್ದೇವೆ. ಅದು ವೇಗ. ಆಂಪಿಯರ್-ಅವರ್ ಭಾಗಾಕಾರ ಅಲ್ಲ, ಗುಣಾಕಾರ. ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು. ನಡುವಿನ ಆ ಚಿಕ್ಕ ಗೆರೆ ಇರುವುದೇ ಅದಕ್ಕೆ. ಕೆಲವರು ಅಲ್ಲಿ ಓರೆಗೆರೆ ಹಾಕಿ “ಆಂಪಿಯರ್/ಅವರ್” ಎಂದು ಬರೆಯುತ್ತಾರೆ. ಆಗ ಅರ್ಥ ಪೂರ್ತಿ ಬುಡಮೇಲು.

ಇಂಥ ಗುಣಾಕಾರ ನಮಗೆ ಹೊಸದಲ್ಲ. ಒಂದು ಕೆಲಸಕ್ಕೆ “ಇಪ್ಪತ್ತಾಳು ಬೇಕು” ಅನ್ನುತ್ತೇವೆ. ಇಪ್ಪತ್ತು ಜನ ಒಂದೇ ದಿನ ಬರಬಹುದು, ಇಬ್ಬರೇ ಹತ್ತು ದಿನ ಬರಬಹುದು. ಲೆಕ್ಕ ಇಪ್ಪತ್ತಾಳೇ. ಆಳು ಎಷ್ಟು, ದಿನ ಎಷ್ಟು ಎಂದು ಗುಣಿಸಿ ಬಂದ ಮೊತ್ತ ಅದು. “ದಿನಕ್ಕೆ ಇಪ್ಪತ್ತಾಳು” ಎಂದರೆ ಬೇರೆಯೇ ಮಾತಾಗುತ್ತದೆ, ಅಲ್ವಾ? ಆಂಪಿಯರ್-ಅವರ್ ಕೂಡ ಹೀಗೆಯೇ. 5 ಆಂಪಿಯರ್ 20 ಗಂಟೆ ಹರಿದರೆ 100 ಆಂಪಿಯರ್-ಅವರ್. 10 ಆಂಪಿಯರ್ 10 ಗಂಟೆ ಹರಿದರೂ ಅಷ್ಟೇ.

ಹೆಸರಿನ ಮೂಲ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಆಂಪಿಯರ್ ಎಂಬುದು ಫ್ರಾನ್ಸಿನ ವಿಜ್ಞಾನಿ ಆಂದ್ರೆ-ಮರಿ ಆಂಪೇರ್ (1775–1836) ಅವರ ಹೆಸರು. ವಿದ್ಯುತ್ ಹರಿಯುವ ತಂತಿಗಳು ಒಂದನ್ನೊಂದು ಸೆಳೆಯುತ್ತವೆ, ತಳ್ಳುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದವರು ಅವರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮಾವೇಶದಲ್ಲಿ ಹರಿವಿನ ಅಳತೆಗೆ ಆ ಹೆಸರು ಬಂತು. ಅದೇ ಸಮಾವೇಶ ವಿದ್ಯುತ್ತಿನ ಮೊತ್ತಕ್ಕೆ ಕೂಲಂಬ್ ಎಂಬ ಹೆಸರನ್ನೂ ಒಪ್ಪಿಕೊಂಡಿತು. ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಒಂದು ಆಂಪಿಯರ್. ಅಂದರೆ ಆಂಪಿಯರ್ ಒಳಗೇ “ಸೆಕೆಂಡಿಗೆ” ಇದೆ. ಅದು ಆಗಲೇ ವೇಗ. “ಗಂಟೆಗೆ 100 ಆಂಪಿಯರ್” ಅನ್ನುವುದು “ಗಂಟೆಗೆ, ಗಂಟೆಗೆ 60 ಕಿಲೋಮೀಟರ್” ಅಂದಹಾಗೆ. ಆಂಪಿಯರನ್ನು ಗಂಟೆಯಿಂದ ಗುಣಿಸಿದಾಗ ಆ ವೇಗ ಮತ್ತೆ ಮೊತ್ತವಾಗುತ್ತದೆ. ಗಂಟೆಗೆ 3600 ಸೆಕೆಂಡು, ಆದ್ದರಿಂದ ಒಂದು ಆಂಪಿಯರ್-ಅವರ್ ಎಂದರೆ 3600 ಕೂಲಂಬ್. ಬ್ಯಾಟರಿ ಮೇಲೆ ಕೂಲಂಬ್ ಅಂತಲೇ ಅಚ್ಚು ಹಾಕಿದ್ದರೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲ.

“ನೂರು ಆಂಪಿಯರ್ ಬ್ಯಾಟರಿ” ಎಂಬ ಬಾಯಿಮಾತಿನ ಬಗ್ಗೆ ನನಗೆ ಅಷ್ಟು ಕೋಪವಿಲ್ಲ. ಮಾತಿನಲ್ಲಿ ಬಾಲ ಕತ್ತರಿಸುವುದು ಸಹಜ. ಆದರೆ ಟ್ರಕ್ಕಿನಲ್ಲಿ ಆಂಪಿಯರ್ ಬೇರೆ ಪ್ರಶ್ನೆ, ಆಂಪಿಯರ್-ಅವರ್ ಬೇರೆ ಪ್ರಶ್ನೆ. ಒಂದನ್ನು ಕೇಳಬೇಕಾದ ಕಡೆ ಇನ್ನೊಂದನ್ನು ಕೇಳಿದರೆ ತಪ್ಪು ಬ್ಯಾಟರಿ ಮನೆಗೆ ಬರುತ್ತದೆ.

ಸೆಲ್ಫ್ ಹೊಡೆಯುವುದನ್ನೇ ತೆಗೆದುಕೊಳ್ಳಿ. ಸ್ಟಾರ್ಟರ್ ಮೋಟಾರು 300 ಆಂಪಿಯರ್ ಎಳೆಯಿತು, ಎಂಜಿನ್ 3 ಸೆಕೆಂಡಿನಲ್ಲಿ ಎದ್ದಿತು ಅಂತಿಟ್ಟುಕೊಳ್ಳಿ. 900 ಕೂಲಂಬ್ ಆಯಿತು. ಅಂದರೆ ಕಾಲು ಆಂಪಿಯರ್-ಅವರ್, ಅಷ್ಟೇ. ದೊಡ್ಡ ಡೀಸೆಲ್ ಎಂಜಿನ್ ಇದರ ಎರಡರಷ್ಟು ಎಳೆದರೂ ಅರ್ಧ ದಾಟುವುದಿಲ್ಲ. ವಿಂಚ್ ಕೂಡ ಇದೇ ಜಾತಿ. 300 ಆಂಪಿಯರ್ ಎರಡು ನಿಮಿಷ ಎಳೆದರೆ 10 ಆಂಪಿಯರ್-ಅವರ್. ಈ ಕೆಲಸಗಳಿಗೆ ಬೇಕಾದದ್ದು ಒಮ್ಮೆಲೇ ನುಗ್ಗುವ ಶಕ್ತಿ, ದೊಡ್ಡ ದಾಸ್ತಾನು ಅಲ್ಲ.

ಫ್ರಿಜ್ ತದ್ವಿರುದ್ಧ. ಆಗಾಗ ಆನ್-ಆಫ್ ಆಗುತ್ತಾ ಸರಾಸರಿ 3 ಆಂಪಿಯರ್ ತಿಂದರೂ ರಾತ್ರಿಯ 10 ಗಂಟೆಯಲ್ಲಿ 30 ಆಂಪಿಯರ್-ಅವರ್ ಹೋಯಿತು. ಫ್ಯಾನು 1.5 ಆಂಪಿಯರಿನಂತೆ 8 ಗಂಟೆ, ಅದು 12. ಒಳಗಿನ ಲೈಟು 2 ಆಂಪಿಯರ್ 4 ಗಂಟೆ, ಅದು 8. ಕ್ಯಾಮೆರಾ, ಟ್ರ್ಯಾಕರ್ ಎಲ್ಲ ಸೇರಿ 3. ಒಟ್ಟು 53. ಇಲ್ಲಿ ಯಾವುದೂ ಕಣ್ಣಿಗೆ ದೊಡ್ಡದಲ್ಲ. ಆದರೂ ಇಡೀ ರಾತ್ರಿಯ ಮೊತ್ತ ವಿಂಚಿನ ಐದು ಪಟ್ಟು. “ನಾನೇನು ದೊಡ್ಡದು ಹಾಕಿಲ್ಲ, ಸಣ್ಣಪುಟ್ಟದ್ದು ಅಷ್ಟೇ” ಅನ್ನುವವರ ಬ್ಯಾಟರಿಯೇ ಬೆಳಿಗ್ಗೆ ಇಳಿದಿರುವುದು ಇದಕ್ಕೇ.

53 ಬೇಕು ಅಂತ 60ರ ಬ್ಯಾಟರಿ ತರುವುದೂ ತಪ್ಪು. ಸೀಸ-ಆ್ಯಸಿಡ್ ಬ್ಯಾಟರಿಯನ್ನು ದಿನಾ ತಳದವರೆಗೆ ಇಳಿಸಿದರೆ ಬೇಗ ಸಾಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬುದು ರೂಢಿಯ ಲೆಕ್ಕ. ಹಾಗಾಗಿ 110ರ ಆಸುಪಾಸಿನದ್ದು ನೋಡಬೇಕು. ಅರ್ಧ ಇಳಿದಿದೆಯೋ ಎಂದು ತಿಳಿಯಲು ಕೆಲವು ಗಂಟೆ ಏನೂ ಎಳೆಯದೆ ಬಿಟ್ಟು ವೋಲ್ಟೇಜ್ ಅಳೆಯಿರಿ. 12.6ರ ಮೇಲಿದ್ದರೆ ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ.

ಇನ್ನೊಂದು ಮಾತನ್ನು ಲೇಬಲ್ ಬಿಡಿಸಿ ಹೇಳುವುದಿಲ್ಲ. ಈ ಮೊತ್ತ ಎಲ್ಲ ವೇಗಕ್ಕೂ ಒಂದೇ ಅಲ್ಲ. ಆಳಿನ ಲೆಕ್ಕ ಇಲ್ಲಿಗೆ ಬಂದು ಸ್ವಲ್ಪ ಕುಂಟುತ್ತದೆ. “100 ಆಂಪಿಯರ್-ಅವರ್” ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ, ಅಂದರೆ 5 ಆಂಪಿಯರಿನಂತೆ ನಿಧಾನಕ್ಕೆ ಎಳೆದಾಗ ಸಿಗುವಷ್ಟು. ಲೇಬಲ್ಲಿನಲ್ಲಿ “ಸಿ20” ಅಂತ ಇರುವುದು ಅದೇ. ಅದೇ ಬ್ಯಾಟರಿಯಿಂದ 50 ಆಂಪಿಯರ್ ಎಳೆದರೆ ಎರಡು ಗಂಟೆ ಬರುವುದಿಲ್ಲ, ಒಂದೂಕಾಲು ಗಂಟೆ ಬಂದರೆ ಹೆಚ್ಚು. ಇದನ್ನು ಸೂತ್ರವಾಗಿ ಬರೆದವರು ಜರ್ಮನಿಯ ಪಾಯ್ಕರ್ಟ್, 1897ರಲ್ಲಿ. 1000 ವ್ಯಾಟಿನ ಇನ್ವರ್ಟರ್ ಪೂರ್ತಿ ಕೆಲಸ ಮಾಡುವಾಗ 12 ವೋಲ್ಟಿನಲ್ಲಿ 83 ಆಂಪಿಯರ್ ಆಗುತ್ತದೆ, ಒಳಗಿನ ನಷ್ಟ ಸೇರಿದರೆ 90 ದಾಟುತ್ತದೆ. ನೂರರ ಬ್ಯಾಟರಿ ಇದನ್ನು ಒಂದು ಗಂಟೆಯೂ ತಾಳುವುದಿಲ್ಲ. ಇನ್ವರ್ಟರ್ ಹಾಕಿಸಿಕೊಂಡ ಯಾರೂ ಈ ಲೆಕ್ಕ ಬಿಡಬಾರದು.

ಹಾಗಾದರೆ ಸೆಲ್ಫ್‌ಗೆ ಯಾವ ಸಂಖ್ಯೆ ನೋಡಬೇಕು? ಸಿಸಿಎ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಇದು ನಿಜವಾಗಿಯೂ ಆಂಪಿಯರ್. ತುಂಬಿದ ಹೊಸ ಬ್ಯಾಟರಿ ಮೈನಸ್ 18 ಡಿಗ್ರಿ ಚಳಿಯಲ್ಲಿ, 7.2 ವೋಲ್ಟಿಗಿಂತ ಕೆಳಗಿಳಿಯದೆ, 30 ಸೆಕೆಂಡು ಎಷ್ಟು ಆಂಪಿಯರ್ ಕೊಡುತ್ತದೆ ಎಂಬ ಅಳತೆ. ಯುರೋಪಿನ ಪರೀಕ್ಷೆಯ ನಿಯಮ ಬೇರೆ, ಆದ್ದರಿಂದ ಒಂದೇ ನಿಯಮದ ಸಂಖ್ಯೆಗಳನ್ನು ಮಾತ್ರ ಹೋಲಿಸಿ. ಸುಮ್ನೆ “ಸಿಎ” ಅಂತ ಇದ್ದರೆ ಅದು ಸೊನ್ನೆ ಡಿಗ್ರಿಯಲ್ಲಿ ಅಳೆದದ್ದು, ಹಾಗಾಗಿ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಮೋಸ ಹೋಗಬೇಡಿ.

ಟ್ರಕ್ಕಿನವರಿಗೆ ಆಂಪಿಯರ್-ಅವರ್, ಸಿಸಿಎ ಇವೆರಡಕ್ಕಿಂತ ಹತ್ತಿರದ ಸಂಖ್ಯೆ ಒಂದಿದೆ, ಯಾರೂ ಕೇಳುವುದಿಲ್ಲ. ಆರ್‌ಸಿ, ರಿಸರ್ವ್ ಕೆಪ್ಯಾಸಿಟಿ. ಸುಮಾರು 27 ಡಿಗ್ರಿಯಲ್ಲಿ 25 ಆಂಪಿಯರ್ ಎಳೆಯುತ್ತಾ ಹೋದರೆ 10.5 ವೋಲ್ಟಿಗೆ ಇಳಿಯಲು ಎಷ್ಟು ನಿಮಿಷ ಬೇಕು ಎಂಬುದು. ರಾತ್ರಿ ದಾರಿಯಲ್ಲಿ ಡೈನಮೋ ಕೈಕೊಟ್ಟರೆ ಲೈಟು, ವೈಪರ್ ಹಾಕಿಕೊಂಡು ಎಷ್ಟು ಹೊತ್ತು ಹೋಗಬಹುದು ಎಂಬುದಕ್ಕೆ ಇದು ಉತ್ತರ. 180 ನಿಮಿಷ ಅಂತಿದ್ದರೆ 3 ಗಂಟೆ, 25ರಿಂದ ಗುಣಿಸಿ: 75 ಆಂಪಿಯರ್-ಅವರ್. ನಿಮ್ಮ ಉಪಕರಣಗಳು ಒಟ್ಟಿಗೆ ಎಳೆಯುವುದು 25ರ ಸುತ್ತ ಇದ್ದರೆ ನಂಬಬೇಕಾದದ್ದು ಈ 75ನ್ನು.

ಸೆಲ್ಫ್, ರಾತ್ರಿಯ ಫ್ರಿಜ್ ಎರಡಕ್ಕೂ ಒಂದೇ ಬ್ಯಾಟರಿ ಸಾಲದೇ? ನನ್ನ ಪ್ರಕಾರ ಸಾಲದು. ಸೆಲ್ಫ್ ಹೊಡೆಯುವ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ. ನುಗ್ಗುವ ಶಕ್ತಿ ಬರುವುದು ಅದರಿಂದ. ಅವನ್ನು ಆಳಕ್ಕೆ ಇಳಿಸಿ ಏರಿಸುತ್ತಿದ್ದರೆ ಬೇಗ ಉದುರುತ್ತವೆ. ಡೀಪ್ ಸೈಕಲ್ ಬ್ಯಾಟರಿಯ ಪ್ಲೇಟು ದಪ್ಪ, ಏರಿಳಿತ ತಾಳುತ್ತದೆ, ಆದರೆ ಒಮ್ಮೆಲೇ ಅಷ್ಟು ಕೊಡಲಾರದು. ಆ್ಯಸಿಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಎಜಿಎಂ ಬ್ಯಾಟರಿ ಎರಡನ್ನೂ ತಕ್ಕಮಟ್ಟಿಗೆ ಮಾಡುತ್ತದೆ, ಆದರೆ ಎಂಜಿನ್ನಿನ ಬಿಸಿಗೆ ಸೊರಗುತ್ತದೆ. ಜಾಗವಿದ್ದರೆ ಎರಡು ಬ್ಯಾಟರಿ, ನಡುವೆ ಒಂದರಿಂದ ಇನ್ನೊಂದು ಖಾಲಿಯಾಗದಂತೆ ಬೇರ್ಪಡಿಸುವ ಐಸೊಲೇಟರ್. ರಾತ್ರಿ ಫ್ರಿಜ್ ತನ್ನ ಪಾಲನ್ನು ಮುಗಿಸಿದರೂ ಸೆಲ್ಫ್‌ನ ಪಾಲು ಉಳಿದಿರುತ್ತದೆ.

ಗಾಡಿ ಓಡುವಾಗ ಹೊರೆ ಹೊರುವುದು ಬ್ಯಾಟರಿ ಅಲ್ಲ, ಆಲ್ಟರ್ನೇಟರ್. ಬಾಯಿಮಾತಲ್ಲಿ ಡೈನಮೋ ಅನ್ನುತ್ತೇವಲ್ಲ, ಅದು. ಓಡುವಾಗಲೇ ಲೈಟು ಮಂಕಾದರೆ ದೊಡ್ಡ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ. ಬರುವುದಕ್ಕಿಂತ ಹೋಗುವುದು ಜಾಸ್ತಿ ಇದ್ದರೆ ಎಷ್ಟು ದೊಡ್ಡ ದಾಸ್ತಾನೂ ಖಾಲಿಯೇ.

24 ವೋಲ್ಟಿನ ಟ್ರಕ್ಕಿನವರ ಗೊಂದಲವೊಂದು ಉಳಿದಿದೆ. “ನೂರರ ಎರಡು ಬ್ಯಾಟರಿ ಇವೆ, ಅಂದರೆ ಇನ್ನೂರು” ಎನ್ನುತ್ತಾರೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಪ್ಯಾರಲಲ್ ಜೋಡಿಸಿದರೆ ಹೌದು, 12 ವೋಲ್ಟಿನ 200 ಆಂಪಿಯರ್-ಅವರ್. 24 ವೋಲ್ಟಿಗಾಗಿ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಸೀರೀಸ್ ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ, ಆಂಪಿಯರ್-ಅವರ್ ನೂರೇ. ಎರಡರ ಮೂಲಕವೂ ಹರಿಯುವುದು ಅದೇ ಕರೆಂಟು. ಅದಕ್ಕೇ 12 ವೋಲ್ಟಿನ ರೇಡಿಯೋ, ಫ್ರಿಜ್‌ಗೆಂದು ಜೋಡಿಯಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆಯಬಾರದು. ಅದೊಂದು ಇಳಿಯುತ್ತಾ ಹೋಗುತ್ತದೆ, ಇನ್ನೊಂದಕ್ಕೆ ಅಳತೆ ಮೀರಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ನಡುವೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಬದಲಿಸುವಾಗಲೂ ಒಂದನ್ನೇ ಅಲ್ಲ, ಎರಡನ್ನೂ ಒಟ್ಟಿಗೆ, ಒಂದೇ ಅಳತೆಯದ್ದನ್ನು ಬದಲಿಸಿ.