ಡ್ರಾಯರ್‌ನಲ್ಲಿರುವ ಮೊಬೈಲು ಯಾರ ಜವಾಬ್ದಾರಿ?

ಜೂನ್‌ನಲ್ಲಿ ಶಾಲೆ ಶುರುವಾಗಿ ದಸರಾ ರಜೆ ಬರುವ ಹೊತ್ತಿಗೆ ಮೈಸೂರು, ಮಂಡ್ಯ ಕಡೆಯ ಬಹಳಷ್ಟು ಸ್ಟಾಫ್ ರೂಮುಗಳಲ್ಲಿ ಒಂದು ಡ್ರಾಯರ್ ತುಂಬಿರುತ್ತದೆ. ಐದಾರು ಮೊಬೈಲು, ಒಂದು ಸ್ಮಾರ್ಟ್ ವಾಚು, ಗಂಟು ಬಿದ್ದ ಇಯರ್‌ಫೋನು, ಲಿಪ್‌ಸ್ಟಿಕ್ಕು, ಒಂದು ಕಡಗ, ಯಾರದೆಂದು ಯಾರಿಗೂ ನೆನಪಿಲ್ಲದ ಬೈಕಿನ ಕೀ. ಚೀಟಿ ಮಾತ್ರ ಒಂದೂ ಇರುವುದಿಲ್ಲ.

ವಕೀಲರ ಬಳಿ ಬರುವ ಮೇಷ್ಟ್ರ ಮೊದಲ ಪ್ರಶ್ನೆ: ‘ಸಾರ್, ಕಿತ್ಕೊಳ್ಳೋಕೆ ನಮಗೆ ಅಧಿಕಾರ ಇದೆ ತಾನೆ?’ ಅದೇ ವಾರ ಬರುವ ಅಪ್ಪನ ಪ್ರಶ್ನೆ: ‘ಕಿತ್ಕೊಳ್ಳೋಕೆ ಅವರಿಗೇನ್ ಸಾರ್ ಅಧಿಕಾರ?’ ಇಬ್ಬರೂ ಬಾಗಿಲಲ್ಲೇ ನಿಂತು ಜಗಳ ಆಡುತ್ತಿದ್ದಾರೆ. ಪ್ರಕರಣ ಹುಟ್ಟುವುದು ಒಳಗೆ, ಆ ಡ್ರಾಯರ್‌ನಲ್ಲಿ.

ಅಧಿಕಾರದ ಮಾತನ್ನು ಬೇಗ ಮುಗಿಸೋಣ. ಮೊಬೈಲ್ ತರಬಾರದು ಎಂಬ ನಿಯಮ ಶಾಲೆಯ ಡೈರಿಯಲ್ಲಿ ಅಚ್ಚಾಗಿದ್ದು, ಪೋಷಕರು ಅದಕ್ಕೆ ಸಹಿ ಹಾಕಿದ್ದರೆ, ತರಗತಿಯಲ್ಲಿ ಸಿಕ್ಕ ಮೊಬೈಲನ್ನು ಶಿಸ್ತಿಗಾಗಿ ಸ್ವಲ್ಪ ಹೊತ್ತು ತೆಗೆದಿಟ್ಟುಕೊಳ್ಳುವುದನ್ನು ತಪ್ಪೆನ್ನುವುದು ಕಷ್ಟ. 2025ರಲ್ಲಿ ದೆಹಲಿ ಹೈಕೋರ್ಟು, ಶಾಲೆಗಳಲ್ಲಿ ಸ್ಮಾರ್ಟ್‌ಫೋನನ್ನು ಪೂರ್ತಿ ನಿಷೇಧಿಸುವುದು ಕಾರ್ಯಸಾಧ್ಯವಲ್ಲ, ಆದರೆ ನಿಯಮ ಮುರಿದರೆ ವಶಕ್ಕೆ ತೆಗೆದುಕೊಳ್ಳಬಹುದು ಎಂಬ ಧಾಟಿಯಲ್ಲಿ ಮಾರ್ಗಸೂಚಿ ಕೊಟ್ಟಿತು. ಅದು ಕರ್ನಾಟಕದ ಶಾಲೆಗಳನ್ನು ಕಟ್ಟಿಹಾಕುವುದಿಲ್ಲ, ದಿಕ್ಕು ತೋರಿಸುತ್ತದೆ ಅಷ್ಟೆ. ಇನ್ನು, ಮೇಷ್ಟ್ರ ಮೇಲೆ ‘ಕಳ್ಳತನ’ದ ದೂರು ಕೊಡುತ್ತೇವೆಂದು ಸ್ಟೇಷನ್ನಿಗೆ ಓಡುವ ಪೋಷಕರಿಗೆ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಮೂವತ್ತೈದು ಮಕ್ಕಳ ಎದುರು, ಪಾಠದ ನಡುವೆ, ಹೆಸರು ಹಿಡಿದು ಕೂಗಿ ತೆಗೆದುಕೊಂಡದ್ದರಲ್ಲಿ ಅದನ್ನು ತೋರಿಸುವುದು ಸುಲಭವಿಲ್ಲ. ಓಡಾಟ ದಂಡ.

ಈಗ ಡ್ರಾಯರ್‌ಗೆ ಬರೋಣ. ಎಷ್ಟು ಸಲ ಹೇಳಿದರೂ ತಲೆಗೆ ಹತ್ತದ ಮಾತು ಒಂದೇ: ವಸ್ತು ನಿಮ್ಮ ಕೈಗೆ ಬಂದ ಕ್ಷಣದಿಂದ ಅದನ್ನು ಕಾಯುವ ಹೊಣೆ ನಿಮ್ಮದು. ಮಗು ತಪ್ಪು ಮಾಡಿತ್ತು ಎಂಬುದು ಆ ಹೊಣೆಯನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ‘ಅವನು ತಂದಿದ್ದೇ ತಪ್ಪು ಸಾರ್’ ಎಂದು ಮೇಷ್ಟ್ರುಗಳು ಮತ್ತೆ ಮತ್ತೆ ಹೇಳುತ್ತಾರೆ. ಇರಬಹುದು. ತಪ್ಪಿಗೆ ಶಿಕ್ಷೆ ಬೇರೆ ಲೆಕ್ಕ, ವಸ್ತು ಬೇರೆ ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದರಿಂದಲೇ ಎಡವಟ್ಟು.

ಹಿಂದಿರುಗಿಸಬೇಕಾದ ವಸ್ತು ಹೀಗೆ ಇನ್ನೊಬ್ಬರ ವಶದಲ್ಲಿರುವುದಕ್ಕೆ ಕಾನೂನಿನಲ್ಲಿ ಬೈಲ್‌ಮೆಂಟ್ ಎನ್ನುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ 148ನೇ ಕಲಮಿನಿಂದ ಮುಂದೆ ಬರುತ್ತದೆ. ಟೈಲರ್ ಹತ್ತಿರ ಬಟ್ಟೆ ಕೊಟ್ಟಂತೆ, ಬಸ್ ಸ್ಟ್ಯಾಂಡ್ ಪಾರ್ಕಿಂಗಿನಲ್ಲಿ ಬೈಕ್ ಬಿಟ್ಟಂತೆ. ‘ಅವು ನಾವೇ ಒಪ್ಪಿ ಕೊಟ್ಟದ್ದು, ಇದು ಕಿತ್ತುಕೊಂಡದ್ದು, ಕರಾರು ಎಲ್ಲಿಂದ ಬಂತು?’ ಎಂದು ಕಾನೂನು ಓದಿದವರು ಕೇಳಬಹುದು. ಕರಾರಿಲ್ಲದೆಯೂ ಈ ಹೊಣೆ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಜುನಾಗಢದ ಕಸ್ಟಮ್ಸ್‌ನವರು ಮೆಮನ್ ಮಹಮ್ಮದ್ ಎಂಬ ವ್ಯಾಪಾರಿಯ ಎರಡು ಟ್ರಕ್ಕು, ಒಂದು ಸ್ಟೇಷನ್ ವ್ಯಾಗನ್ ಹಿಡಿದಿಟ್ಟಿದ್ದರು. ಮೇಲ್ಮನವಿ ಇನ್ನೂ ಬಾಕಿ ಇರುವಾಗಲೇ ಅವನ್ನು ವಾರಸುದಾರರಿಲ್ಲದ ಮಾಲೆಂದು ಮಾರಿದ್ದಾಯಿತು. ಕೊನೆಗೆ ಮೇಲ್ಮನವಿ ವ್ಯಾಪಾರಿಯ ಪರವಾಗಿ ಬಂತು. ಗಾಡಿ ಕೊಡಿ ಎಂದರೆ ಗಾಡಿ ಇಲ್ಲ. ಸರ್ಕಾರ ಬೆಲೆ ಕಟ್ಟಿಕೊಡಬೇಕಾಯಿತು. ಸರ್ಕಾರಕ್ಕೇ ಆ ಗತಿಯಾದರೆ ಎಂಟನೇ ಕ್ಲಾಸಿನ ಕ್ಲಾಸ್ ಟೀಚರ್ ಪಾಡೇನು?

ಎಷ್ಟು ಜೋಪಾನ ಮಾಡಬೇಕು ಎಂಬುದಕ್ಕೆ 151ನೇ ಕಲಮು ಅಳತೆಗೋಲು ಕೊಡುತ್ತದೆ: ಸಾಮಾನ್ಯ ವಿವೇಕವುಳ್ಳವನು ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು. ನಿಮ್ಮ ಸ್ವಂತ ಮೊಬೈಲನ್ನು ಬೀಗವಿಲ್ಲದ ಡ್ರಾಯರ್‌ನಲ್ಲಿ ಬಿಟ್ಟು ಶನಿವಾರ ಮನೆಗೆ ಹೋಗುತ್ತೀರಾ? ಇಲ್ಲ ಎಂದಾದರೆ ಉತ್ತರ ಸಿಕ್ಕಿತು. ಅಷ್ಟು ಜೋಪಾನ ಮಾಡಿಯೂ, ಬೀಗ ಮುರಿದು ಕಳ್ಳ ಹೊತ್ತುಕೊಂಡು ಹೋದರೆ, 152ನೇ ಕಲಮು ನಿಮ್ಮ ಪರವಾಗಿ ನಿಲ್ಲುತ್ತದೆ.

ಆದರೆ ಮೇಷ್ಟ್ರುಗಳು ನಿಜವಾಗಿ ಸಿಕ್ಕಿಬೀಳುವುದು 161ರಲ್ಲಿ. ಹಿಂದಿರುಗಿಸಬೇಕಾದ ಹೊತ್ತು ಮೀರಿಯೂ ನಿಮ್ಮ ತಪ್ಪಿನಿಂದ ವಸ್ತು ನಿಮ್ಮಲ್ಲೇ ಉಳಿದರೆ, ಅಲ್ಲಿಂದಾಚೆಗೆ ಆಗುವ ಯಾವುದೇ ನಷ್ಟ ನಿಮ್ಮ ತಲೆಗೆ. ಆಗ ಜೋಪಾನವಾಗಿ ಇಟ್ಟಿದ್ದೆ ಎಂಬ ಮಾತು ನಡೆಯುವುದು ಕಷ್ಟ. ‘ನಿಮ್ಮಪ್ಪನ್ನ ಕರ್ಕೊಂಡು ಬಾ, ಕೊಡ್ತೀನಿ’ ಎಂದಿರಿ. ಅಪ್ಪ ಶುಕ್ರವಾರ ಬಂದ, ನೀವು ರಜೆ, ಬೀರುವಿನ ಕೀ ನಿಮ್ಮ ಹತ್ತಿರ. ಸೋಮವಾರದೊಳಗೆ ಮೊಬೈಲು ಹೋಯಿತೆಂದುಕೊಳ್ಳಿ. ಲೆಕ್ಕ ಶುಕ್ರವಾರದಿಂದ ಶುರು. ‘ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಕೊಡ್ತೀನಿ’ ಎನ್ನುವವರು ಇನ್ನೂ ಆಳಕ್ಕೆ ಇಳಿಯುತ್ತಾರೆ. ಪಾಠದ ಶಿಸ್ತಿಗೆಂದು ತೆಗೆದುಕೊಂಡದ್ದರ ಉದ್ದೇಶ ಆ ದಿನ ಸಂಜೆಗೋ, ಪೋಷಕರು ಬಂದ ದಿನಕ್ಕೋ ಮುಗಿಯುತ್ತದೆ. ಆರು ತಿಂಗಳು ಇಟ್ಟುಕೊಳ್ಳುವುದಕ್ಕೆ ಯಾವ ಉದ್ದೇಶ ಹೇಳುತ್ತೀರಿ?

ಆರು ತಿಂಗಳಲ್ಲಿ ಇನ್ನೊಂದೂ ಆಗುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಪೂರ್ತಿ ಇಳಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅದು ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು. ಏಪ್ರಿಲ್ ಬಿಸಿಲಿಗೆ ಕಾದ ಕಬ್ಬಿಣದ ಬೀರುವೂ ಬ್ಯಾಟರಿಗೆ ಒಳ್ಳೆಯದಲ್ಲ, ಹಳೆಯದಾದರೆ ಉಬ್ಬಿಕೊಳ್ಳಲೂಬಹುದು. ಯಾರೂ ಮುಟ್ಟಲಿಲ್ಲ, ಯಾರೂ ಬೀಳಿಸಲಿಲ್ಲ, ಆದರೂ ಕೆಟ್ಟಿತು. ಹೀಗೆ ಕ್ಷೀಣಿಸುವುದೂ 161ರ ನಷ್ಟದಲ್ಲಿ ಸೇರುತ್ತದೆ.

ಜಗಳದ ಸಾಮಾನ್ಯ ರೂಪ ಡಿಸ್‌ಪ್ಲೇ. ‘ಹದಿನೆಂಟು ಸಾವ್ರ ಕೊಟ್ಟು ತಂದಿವ್ನಿ ಮೇಷ್ಟ್ರೇ, ಹೆಂಗ್ ಒಡೀತು?’ ‘ಮೊದ್ಲೇ ಒಡೆದಿತ್ತು ಕಣ್ರೀ.’ ಇಬ್ಬರೂ ನಿಜವೇ ಹೇಳುತ್ತಿರಬಹುದು, ಮೂರನೆಯವರಿಗೆ ತಿಳಿಯುವ ದಾರಿಯಿಲ್ಲ. ಇದಕ್ಕೆ ಮದ್ದು ಇಷ್ಟೇ: ಸಂತೆಪೇಟೆಯ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಕಾರ್ಬನ್ ಹಾಳೆ ಹಾಕಿ ಬರೆಯುವ ನಂಬರಿದ್ದ ಬಿಲ್ ಬುಕ್ಕು. ತರಗತಿಗೊಂದು ಬೇಡ, ಹೆಡ್‌ಮಾಸ್ಟರ್ ಕೊಠಡಿಯಲ್ಲಿ ಒಂದೇ ಸಾಕು.

ತೆಗೆದುಕೊಳ್ಳುವ ರೀತಿಗೂ ಕ್ರಮ ಇದೆ. ಕೈಯಿಂದ ಕಸಿಯಬೇಡಿ, ಮೇಜಿನ ಮೇಲೆ ಇಡಲು ಹೇಳಿ. ಕಸಿಯುವಾಗ ಬಿದ್ದು ಒಡೆದದ್ದೇ ಹೆಚ್ಚು, ಕೈ ತಿರುಚಿತೆಂಬ ದೂರೂ ಅಲ್ಲೇ ಹುಟ್ಟುತ್ತದೆ. ಜೇಬಿಗೆ ಕೈ ಹಾಕುವುದಂತೂ ಬೇಡವೇ ಬೇಡ, ಹೆಣ್ಣುಮಕ್ಕಳ ವಿಷಯದಲ್ಲಿ ಬ್ಯಾಗನ್ನೂ ಮೇಡಂ ಒಬ್ಬರ ಎದುರಲ್ಲಿ ಆ ಮಗುವೇ ತೆರೆಯಲಿ. ಕೊಡುವುದಿಲ್ಲ ಎಂದು ಹಟ ಹಿಡಿದರೆ ಬಿಡಿ, ಹೆಡ್‌ಮಾಸ್ಟರಿಗೆ ಬರೆದು ಕೊಡಿ. ಹದಿನೈದು ವರ್ಷದ ಹುಡುಗನ ಜೊತೆ ತರಗತಿ ನಡುವೆ ಜಗ್ಗಾಟ ಆಡಿ ಗೆದ್ದ ಮೇಷ್ಟ್ರು ಯಾರೂ ಇಲ್ಲ.

ಮೇಜಿನ ಮೇಲೆ ಬಂದ ಮೊಬೈಲನ್ನು ಮಗುವೇ ಸ್ವಿಚ್ ಆಫ್ ಮಾಡಲಿ. ಸಿಮ್ ಕಾರ್ಡ್ ಬೇಕೆಂದರೆ ತೆಗೆದುಕೊಳ್ಳಲಿ. ಚೀಟಿಯಲ್ಲಿ ಕಂಪನಿ, ಬಣ್ಣ, ಕವರ್ ಇದೆಯೇ ಇಲ್ಲವೇ, ಗಾಜಿನಲ್ಲಿ ಬಿರುಕು ಎಲ್ಲಿದೆ (‘ಮೇಲಿನ ಎಡ ಮೂಲೆಯಿಂದ ಕ್ಯಾಮೆರಾವರೆಗೆ’ ಎಂಬಷ್ಟು ಬಿಡಿಸಿ), ದಿನ, ಗಂಟೆ, ಹಿಂದಿರುಗಿಸುವ ದಿನ. ಮೇಷ್ಟ್ರ ಸಹಿ, ಮಗುವಿನ ಸಹಿ. ಮೇಲ್ಪ್ರತಿ ಮಗುವಿಗೆ. ಹಿಂದೆ ಮುಂದೆ ಎರಡು ಫೋಟೊ ತೆಗೆದರೆ ಇನ್ನೂ ಒಳ್ಳೆಯದು, ಮಗುವಿನ ಮುಖ ಬೇಡ. ಕವರಿಗೆ ಹಾಕಿ, ಪಿನ್ ಹೊಡೆದು, ಚೀಟಿ ನಂಬರು ಬರೆದು ಬೀರುವಿಗೆ. ನಾಲ್ಕು ನಿಮಿಷದ ಕೆಲಸ. ಇದಕ್ಕೆ ಪುರುಸೊತ್ತಿಲ್ಲ ಎನ್ನುವವರು ಮುಂದೆ ನೋಟಿಸಿಗೆ ಉತ್ತರ ಬರೆಸಲು ಅರ್ಧ ದಿನ ಕೂರುತ್ತಾರೆ.

ಚೈನು, ಉಂಗುರ ಬಂದರೆ ‘ಚಿನ್ನದ ಚೈನ್’ ಎಂದು ಮಾತ್ರ ಬರೆಯಬೇಡಿ. ಅದು ಚಿನ್ನವೋ ಗಿಲೀಟೋ ನಿಮಗೆ ಗೊತ್ತಿಲ್ಲ, ಬರೆದ ಮೇಲೆ ಚಿನ್ನವನ್ನೇ ಕೊಡಬೇಕಾಗುತ್ತದೆ. ಪೊಲೀಸರ ಮಹಜರು ನೋಡಿ, ‘ಹಳದಿ ಲೋಹದ ಸರ’ ಎಂದಿರುತ್ತದೆ. ಅವರು ಬುದ್ಧಿವಂತರು. ಇನ್ನೂ ಒಳ್ಳೆಯದು, ಮೈಮೇಲಿನ ಒಡವೆಗೆ ಕೈ ಹಾಕದೆ ಮನೆಗೆ ಚೀಟಿ ಕಳಿಸುವುದು. ಕೈಯಲ್ಲಿರುವುದು ಬೇರೆ, ಮೈಮೇಲಿರುವುದು ಬೇರೆ. 2025ರ ಏಪ್ರಿಲ್‌ನಲ್ಲಿ ಸಿಇಟಿ ಪರೀಕ್ಷೆಯ ಬಾಗಿಲಲ್ಲಿ ಜನಿವಾರದ ತಕರಾರು ಎಲ್ಲಿಯವರೆಗೆ ಹೋಯಿತೆಂದು ಎಲ್ಲರೂ ಕಂಡಿದ್ದೇವೆ.

ತೆಗೆದುಕೊಳ್ಳಲೇಬಾರದ ವಸ್ತುಗಳೂ ಇವೆ: ಇನ್‌ಹೇಲರ್, ಕನ್ನಡಕ, ಸ್ಯಾನಿಟರಿ ಪ್ಯಾಡ್ ಇರುವ ಪೌಚು. ಯಾರೂ ಯೋಚಿಸದ ಇನ್ನೊಂದು, ಬಸ್ ಪಾಸು. ಶಿಕ್ಷೆಯೆಂದು ಇಡೀ ಬ್ಯಾಗನ್ನೇ ಸಂಜೆ ಇಟ್ಟುಕೊಂಡರೆ ಪಾಸೂ ಅದರೊಳಗೇ ಉಳಿಯುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ, ನಿಜ, ಆದರೆ ಗುರುತಿನ ಚೀಟಿ ತೋರಿಸಬೇಕು. ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದ ಬರುವ ಮಗು ಸಂಜೆ ಆರಕ್ಕೆ ಪಾಸಿಲ್ಲದೆ, ಕಾಸಿಲ್ಲದೆ, ಫೋನಿಲ್ಲದೆ ಸ್ಟ್ಯಾಂಡಿನಲ್ಲಿ ನಿಂತಿದ್ದರೆ ವಿಷಯ ಬ್ಯಾಗಿನದ್ದಾಗಿ ಉಳಿಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಲ್ಲ ಮಕ್ಕಳ ಎದುರು ಮೊಬೈಲನ್ನು ನೆಲಕ್ಕೆ ಅಪ್ಪಳಿಸುವ, ನೀರಿನ ಬಕೆಟ್ಟಿಗೆ ಹಾಕುವ ‘ಪಾಠ ಕಲಿಸುವಿಕೆ’ಯನ್ನು ಇದೇ ಸಾಲಿಗೆ ಸೇರಿಸಿ. ಅಲ್ಲಿ ಬೈಲ್‌ಮೆಂಟಿನ ಮಾತೇ ಮುಗಿಯಿತು, ನ್ಯಾಯ ಸಂಹಿತೆಯ 324ನೇ ಕಲಮಿನ ಹಾನಿ ಅಪರಾಧದ ಮಾತು ಶುರುವಾಗುತ್ತದೆ.

ಮೊಬೈಲ್ ಒಳಗೆ ನೋಡುವುದು. ಇದನ್ನು ಕೇಳುವವರು ಕಡಿಮೆ, ಮಾಡುವವರು ಹೆಚ್ಚು. ತೆಗೆದಿಡುವ ಅಧಿಕಾರದಲ್ಲಿ ತೆರೆದು ಓದುವ ಅಧಿಕಾರ ಸೇರಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಪರದೆಯ ಮೇಲೆ ತಾನಾಗಿ ಮಗುವಿನ ಅಶ್ಲೀಲ ಚಿತ್ರವೇನಾದರೂ ಕಣ್ಣಿಗೆ ಬಿದ್ದರೆ ಸ್ಕ್ರೀನ್‌ಶಾಟ್ ತೆಗೆಯಬೇಡಿ, ‘ಸರ್ ನೋಡಿ’ ಎಂದು ಸ್ಟಾಫ್ ಗ್ರೂಪಿಗೆ ಕಳಿಸಬೇಡಿ. ಕಳಿಸಿದವರೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿಗೆ ಸಿಕ್ಕುತ್ತಾರೆ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಸ್ವಿಚ್ ಆಫ್ ಮಾಡಿ, ಹೆಡ್‌ಮಾಸ್ಟರಿಗೆ ತಿಳಿಸಿ. ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಹಾಕುವುದು ಬೇರೆ ಅಪರಾಧ. ಅಲ್ಲಿಗೆ ಬಂದ ಮೇಲೆ ಅಂಕಣ ಓದಿ ನಿರ್ಧರಿಸಬೇಡಿ, ವಕೀಲರನ್ನು ಕಾಣಿ.

ಮುಚ್ಚಳಿಕೆ ಪತ್ರದ ಮೇಲೆ ಹೆಡ್‌ಮಾಸ್ಟರುಗಳಿಗೆ ಅದೇನು ಪ್ರೀತಿಯೋ. ‘ಮೊಬೈಲ್ ಕಳೆದರೆ ಶಾಲೆ ಜವಾಬ್ದಾರಿಯಲ್ಲ’ ಎಂದು ಮಗುವಿನ ಕೈಯಲ್ಲಿ ಬರೆಸಿ, ಫೈಲಿಗೆ ಹಾಕಿ, ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ. ಹದಿನೆಂಟು ತುಂಬದವರು ಮಾಡಿದ ಕರಾರು ಮೊದಲಿಂದಲೇ ಶೂನ್ಯವೆಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿಯಾಗಿದೆ. ಬರೆಸುವುದಾದರೆ ಪೋಷಕರಿಂದ ಬರೆಸಿ, ಅದೂ ಪ್ರವೇಶದ ವೇಳೆಗೆ.

ಪೋಷಕರೂ ಅಷ್ಟೇ. ಎಂಎಲ್ಎ ಕಡೆಯಿಂದ ಫೋನ್ ಮಾಡಿಸುವ ಮೊದಲು ಒಂದು ಅರ್ಧ ಪುಟದ ಅರ್ಜಿ ಕೊಡಿ: ಯಾವ ದಿನ, ಯಾವ ವಸ್ತು, ಯಾರ ಕೈಗೆ, ಯಾವಾಗ ಕೇಳಿದೆವು. ಪ್ರತಿಯ ಮೇಲೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಶಾಲೆ ಜಗ್ಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಮೇಲೆ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ನಿಮ್ಮ ಪರವಾಗಿ ನಾಳೆ ಮಾತಾಡುವುದು ಆ ಸೀಲು. ಮಗನನ್ನು ಮಾತ್ರ ಡ್ರಾಯರ್ ತೆಗೆದು ಎತ್ತಿಕೊಂಡು ಬಾ ಎಂದು ಕಳಿಸಬೇಡಿ. ತನ್ನದೇ ಮೊಬೈಲ್ ತರಲು ಹೋದವನ ಮೇಲೆ ಪಕ್ಕದಲ್ಲಿದ್ದ ಇನ್ನೊಂದು ಮೊಬೈಲ್ ಕಾಣೆಯಾದ ಆರೋಪ ಬಂದರೆ ಬಿಡಿಸುವುದು ಬಹಳ ಕಷ್ಟ.

ಏಪ್ರಿಲ್‌ನಲ್ಲಿ ಡ್ರಾಯರ್ ಖಾಲಿ ಮಾಡುವಾಗ ಯಾರೂ ಕೇಳದೆ ಉಳಿದದ್ದನ್ನು ಅಟೆಂಡರ್‌ಗೆ ಕೊಡುವುದು, ‘ಹಳೇದು ಕಣಯ್ಯ, ನೀನೇ ಇಟ್ಕೊ’ ಎನ್ನುವುದು ಬೇಡ. ಜುನಾಗಢದ ಟ್ರಕ್ಕು ನೆನಪಿರಲಿ. ದಾಖಲಾತಿ ಪುಸ್ತಕದಲ್ಲಿರುವ ಮನೆ ವಿಳಾಸಕ್ಕೆ ಚೀಟಿ ನಂಬರು ಹಾಕಿ ಪತ್ರ ಬರೆಯಿರಿ, ಕಳಿಸಿದ ರಸೀದಿ ಇಟ್ಟುಕೊಳ್ಳಿ, ವಸ್ತುವನ್ನು ಮುಂದಿನ ವರ್ಷದ ಹೆಡ್‌ಮಾಸ್ಟರಿಗೆ ಪಟ್ಟಿ ಸಮೇತ ಒಪ್ಪಿಸಿ. ಪಟ್ಟಿ ಮಾಡುವಾಗ ಬ್ಲೂಟೂತ್ ಇಯರ್‌ಬಡ್‌ನ ಡಬ್ಬಿಯನ್ನು ತೆರೆದು ನೋಡಿ. ಒಂದೇ ಕಿವಿಯದು ಇದ್ದರೆ ‘ಬಲಗಡೆಯದು ಮಾತ್ರ’ ಎಂದು ಬರೆಯಿರಿ.