ಕಬ್ಬಿನ ಟ್ರ್ಯಾಕ್ಟರ್ ಸದ್ದಿಗೆ ಕತ್ತರಿ

ಕಂಪ್ಯೂಟರಿನ ಒಕ್ಕಲುತನದ ಆಟದಲ್ಲಿ ತಮ್ಮ ಮನೆಯ ಟ್ರ್ಯಾಕ್ಟರೇ ಓಡಬೇಕು ಅಂತ ಅಕ್ಕನ ಮಗನ ಹಟ. ಮುಧೋಳದ ಹತ್ತಿರದ ಹಳ್ಳಿ ಅವರದು. ಗಾಡಿಯ ಆಕಾರ, ಬಣ್ಣ ಎಲ್ಲ ಅವನೇ ಮಾಡಿಕೊಂಡಿದ್ದ. ಸದ್ದು ನನ್ನ ಪಾಲಿಗೆ ಬಂತು. ತಗಡಿನ ಶೆಡ್ಡಿನಲ್ಲಿ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ ಆಟಕ್ಕೆ ಹಾಕಿದೆ. ವೇಗ ಏರಿಸಿದ್ದೇ ತಡ, ಹುಡುಗ ಮುಖ ಕಿವುಚಿದ: "ಮಾಮಾ, ಇದು ಟ್ರ್ಯಾಕ್ಟರ್ ಅಲ್ರೀ, ಹಿಟ್ಟಿನ ಗಿರಣಿ."

ಅವನು ಹೇಳಿದ್ದು ಖರೆ. ಆಟ ಒಂದು ಚಿಕ್ಕ ತುಣುಕನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಎಂಜಿನ್ ವೇಗ ಏರಿದಾಗ ಅದನ್ನೇ ಬೇಗ ಓಡಿಸಿ ಶ್ರುತಿ ಏರಿಸುತ್ತದೆ. ನಿಜದ ಗಾಡಿಯಲ್ಲಿ ಏರುವುದು ಸಿಲಿಂಡರಿನೊಳಗೆ ಡೀಸೆಲ್ ಹೊತ್ತಿ ಬೀಳುವ ಹೊಡೆತಗಳ ಲೆಕ್ಕ. ಸೈಲೆನ್ಸರ್ ಕೊಳವೆ, ಬಾನೆಟ್ ತಗಡು ತಮ್ಮ ತಮ್ಮ ಸ್ವರದಲ್ಲೇ ಗುಂಯ್‌ಗುಡುತ್ತಿರುತ್ತವೆ. ವೇಗ ಏರಿತು ಅಂತ ಕೊಳವೆ ಗಿಡ್ಡವಾಗುತ್ತದೆಯೇ? ತುಣುಕನ್ನು ಎರಡು ಪಟ್ಟು ಬೇಗ ಓಡಿಸಿದರೆ ಕಿವಿಗೆ ಮಾತ್ರ ಕೊಳವೆ ಅರ್ಧವಾದಂತೆಯೇ ಕೇಳುತ್ತದೆ. ಟ್ರ್ಯಾಕ್ಟರ್ ಹೋಗಿ ಲೂನಾ ಆಗುತ್ತದೆ. ಅದಕ್ಕೇ 800, 1200, 1600, 2000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬೇರೆ ಬೇರೆ ತುಣುಕು. ನಡುವಿನ ವೇಗದಲ್ಲಿ ಒಂದು ತಗ್ಗುತ್ತ ಇನ್ನೊಂದು ಏಳುತ್ತದೆ. ಖಾಲಿ ಗಾಡಿಗೊಂದು ಸೆಟ್ಟು, ಕಬ್ಬು ಹೇರಿದ್ದಕ್ಕೆ ಇನ್ನೊಂದು: ಭಾರ ಎಳೆಯುವಾಗ ಡೀಸೆಲ್ ಹೆಚ್ಚು ಉರಿದು ಅದೇ ಆರ್‌ಪಿಎಂನಲ್ಲೂ ಸದ್ದು ಒರಟಾಗುತ್ತದೆ.

ಎರಡನೇ ಸಲ ಬಯಲು ಹೊಲಕ್ಕೆ ಹೋದೆವು. ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದವರಿಗೆ ಗೊತ್ತು, ಮರುದನಿ ಮೂಲದನಿಯ ಬೆನ್ನಿಗೇ ಬರುತ್ತದೆ; ಎರಡೂ ಕೂಡಿ ರೆಕಾರ್ಡ್ ಆದ ಮೇಲೆ ಬಿಡಿಸುವುದು ಕಷ್ಟ. ತಗಡಿನ ಶೆಡ್ಡು ಮಾಡಿದ ಕಿತಾಪತಿಯೂ ಅದೇ. ಮರುದನಿ ಬೇಕಾದರೆ ಆಮೇಲೆ ಸೇರಿಸಿಕೊಳ್ಳಬಹುದು. ಹೊಲದಲ್ಲಿ ನಮಗೆ ಅಡ್ಡಬಂದದ್ದು ಗಾಳಿಯಲ್ಲ, ಡ್ರೈವರಣ್ಣನ ಟೇಪು. "ಹಾಡು ಬಂದ್ ಮಾಡಿ ಗಾಡಿ ಹೊಡಿ ಅಂದ್ರ ಹ್ಯಾಂಗ್ರೀ?" ಅಂದ. ಕಬ್ಬಿನ ಹಂಗಾಮು ನೋಡಿದವರು ಅವನ ಕಷ್ಟ ಅರ್ಥ ಮಾಡಿಕೊಂಡಾರು.

ನಿಜವಾದ ಕೆಲಸ ಕತ್ತರಿಸುವುದರಲ್ಲಿದೆ. ಮೂರು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದೊಂದು ಸಲ ಹೊಡೆಯುತ್ತದೆ. 1200 ಆರ್‌ಪಿಎಂ ಅಂದರೆ ಸೆಕೆಂಡಿಗೆ 20 ಸುತ್ತು, 30 ಹೊಡೆತ. ಮೂರು ಹೊಡೆತದ ಒಂದು ವರಸೆಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಸೆಕೆಂಡಿಗೆ 44,100 ಮಾದರಿ (ಸದ್ದಿನ ಅಲೆಯ ಒಂದೊಂದು ಅಳತೆ) ಹಿಡಿಯುವ ರೆಕಾರ್ಡಿಂಗ್‌ನಲ್ಲಿ ಅದು 4,410 ಮಾದರಿ. ತುಣುಕಿನಲ್ಲಿ ಇಡೀ ವರಸೆಗಳೇ ಇರಬೇಕು, ಮುರಿದದ್ದು ಇರಬಾರದು. ನಮ್ಮ ಗಾಡಿಯದು ಧಡ್, ಧಡ್, ಧುಸ್. ಒಂದು ಸಿಲಿಂಡರ್ ಸೊರಗಿತ್ತು. ನಾನು ಲೆಕ್ಕ ತಪ್ಪಿ 61 ಹೊಡೆತಕ್ಕೆ ಕತ್ತರಿಸಿದ್ದೆ. ಎರಡು ಸೆಕೆಂಡಿಗೊಮ್ಮೆ ಕುಂಟೆತ್ತು ಎಡವಿದ ಹಾಗೆ ಕೇಳಿತು. 60ಕ್ಕೆ ಇಳಿಸಿ, ಸದ್ದಿನ ಅಲೆ ಸೊನ್ನೆ ದಾಟುವ ಬಿಂದುವಿನಲ್ಲಿ ಕತ್ತರಿ ಇಟ್ಟೆ. ಎಡವುವುದೂ ನಿಂತಿತು, ಜೋಡಿಸಿದಲ್ಲಿ ಬರುತ್ತಿದ್ದ 'ಟಕ್' ಕೂಡ ಹೋಯಿತು.

ಇಷ್ಟಾದರೂ ಸೆಕೆಂಡಿಗೆ 30 ಕಂಪನದ ಆ ಮೂಲಸ್ವರ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ. ಆದರೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಮೇಲಿನ ಸ್ವರಗಳು ಕೇಳಿದರೆ ಸಾಕು, ಇಲ್ಲದ ಮಂದ್ರವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದೆ.

ಸಂಜೆ ಹುಡುಗ ಮೊಬೈಲಿನಲ್ಲಿ ಡ್ರೈವರಣ್ಣನಿಗೆ ಕೇಳಿಸಿದ. ಅವನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. "ಡೀಸೆಲ್ ನೋಜಲ್ ತೋರಸಬೇಕ್ರೀ," ಅಂದ.