ಫೈಲ್ ಸರ್ವರ್‌ನ ವಿಎಫ್ಎಸ್ ಪದರ: ಪಾತ್ ಸಾಕೇ, ಹ್ಯಾಂಡಲ್ ಬೇಕೇ?

ಪ್ರಶ್ನೆ: ನೆಟ್‌ವರ್ಕ್ ಫೈಲ್ ಸರ್ವರ್ ಬರೆಯುತ್ತಿದ್ದೇನೆ. ಪ್ರೊಟೋಕಾಲ್ ಕೋಡ್‌ಗೂ ಡಿಸ್ಕಿಗೂ ನಡುವೆ ವಿಎಫ್ಎಸ್ (ವರ್ಚುವಲ್ ಫೈಲ್ ಸಿಸ್ಟಮ್) ಪದರ ಇಡುತ್ತೇನೆ, ಫೈಲ್ ಕೆಲಸಗಳೆಲ್ಲ ಅದರ ಮೂಲಕವೇ ಹೋಗಲಿ ಎಂದು. ಅದರ ಫಂಕ್ಷನ್‌ಗಳಿಗೆ ಫೈಲಿನ ಪೂರ್ತಿ ಪಾತ್ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಪಾತ್‌ನಿಂದ ಶುರು ಮಾಡಿದರೆ ಮುಂದೆ ಇಡೀ ಪದರವನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ.

ಕ್ಲೈಂಟ್ ‘ವರದಿ/ಜನವರಿ’ ಎಂಬ ಫೈಲ್ ಕೇಳಿತು ಎನ್ನಿ. ‘ವರದಿ’ ಫೋಲ್ಡರ್ ಶೇರ್‌ನ (ಸರ್ವರ್ ಹಂಚಿಕೊಂಡಿರುವ ಫೋಲ್ಡರ್) ಒಳಗೇ ಇದೆಯೇ ಎಂದು ನಿಮ್ಮ ಕೋಡ್ ನೋಡಿತು, ಇತ್ತು. ಆಮೇಲೆ ಅದೇ ಪಾತ್ ಹಿಡಿದು ಓಪನ್ ಮಾಡಿತು. ಈ ಎರಡು ಹೆಜ್ಜೆಗಳ ನಡುವೆ ಇನ್ನೊಬ್ಬ ಬಳಕೆದಾರ ‘ವರದಿ’ಯ ಹೆಸರು ಬದಲಿಸಿ, ಆ ಜಾಗದಲ್ಲಿ ಶೇರ್‌ನ ಹೊರಗಿನ ಫೋಲ್ಡರಿಗೆ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕಳಿಸುವ ಕೊಂಡಿ) ಇಟ್ಟರೆ? ಪರೀಕ್ಷಿಸಿದ್ದು ಒಂದು, ತೆರೆದದ್ದು ಇನ್ನೊಂದು. ಸಾಂಬಾ ಎಂಬ ಫೈಲ್ ಸರ್ವರ್‌ನಲ್ಲಿ ಇದೇ ಜಾತಿಯ ದೋಷ ಸಿಕ್ಕಿತ್ತು. 2021ರ 4.15 ಆವೃತ್ತಿಯ ಹೊತ್ತಿಗೆ ಅವರು ವಿಎಫ್ಎಸ್ ಇಂಟರ್‌ಫೇಸನ್ನೇ ಹ್ಯಾಂಡಲ್ (ತೆರೆದ ಫೈಲ್ ಅಥವಾ ಫೋಲ್ಡರನ್ನೇ ಸೂಚಿಸುವ ಗುರುತು) ಆಧಾರಕ್ಕೆ ತಿರುಗಿಸಿದರು. ತೇಪೆ ಹಾಕಿ ಮುಗಿಸುವಂಥ ಕೆಲಸ ಅದಾಗಿರಲಿಲ್ಲ.

ಹಾಗಾಗಿ ಮೊದಲು ಫೋಲ್ಡರನ್ನು ತೆರೆದು ಹ್ಯಾಂಡಲ್ ಹಿಡಿದುಕೊಳ್ಳಿ. ಮುಂದಿನ ಪ್ರತಿ ಕರೆಗೂ ಆ ಹ್ಯಾಂಡಲ್ ಮತ್ತು ಒಂದೇ ಒಂದು ಹೆಸರು, ಅಷ್ಟೇ ಹೋಗಲಿ. ಯೂನಿಕ್ಸ್‌ನ ‘ಓಪನ್‌ಅಟ್’ ಇರುವುದೇ ಇದಕ್ಕೆ. ಸಿಮ್‌ಲಿಂಕ್ ಹಿಂಬಾಲಿಸಬೇಡ ಎಂಬ ಫ್ಲಾಗನ್ನೂ ಜೊತೆಗೆ ಕೊಡಿ. ಆಗ ಹೊರಗೆ ಯಾರು ಏನೇ ಹೆಸರು ಬದಲಿಸಿದರೂ ನೀವು ಹಿಡಿದ ಫೋಲ್ಡರ್ ಅದೇ ಆಗಿರುತ್ತದೆ.

ಎನ್‌ಎಫ್‌ಎಸ್ ಎಂಬ ಫೈಲ್ ಹಂಚಿಕೆಯ ಪ್ರೊಟೋಕಾಲ್‌ಗೂ ಸೇವೆ ಕೊಡುವುದಾದರೆ ಇನ್ನೊಂದು ಬಗೆಯ ಹ್ಯಾಂಡಲ್ ಬೇಕು. ಸರ್ವರ್ ರೀಬೂಟ್ ಆದರೂ ಕ್ಲೈಂಟ್ ಹಳೆಯ ಹ್ಯಾಂಡಲ್ ಹಿಡಿದೇ ಬರುತ್ತದೆ, ಆದ್ದರಿಂದ ಅದು ಮೆಮೊರಿಯ ವಿಳಾಸವಾಗಿರಕೂಡದು. ಮೂರನೇ ಆವೃತ್ತಿಯಲ್ಲಿ ಅದಕ್ಕೆ 64 ಬೈಟ್, ನಾಲ್ಕರಲ್ಲಿ 128 ಬೈಟ್ ಮಿತಿ. ಐನೋಡ್ (ಡಿಸ್ಕಿನಲ್ಲಿ ಫೈಲಿನ ದಾಖಲೆ) ಸಂಖ್ಯೆಯ ಜೊತೆ, ಐನೋಡ್ ಮರುಬಳಕೆಯಾದಾಗ ಬದಲಾಗುವ ಜನರೇಷನ್ ಸಂಖ್ಯೆ ಇಡುವುದು ವಾಡಿಕೆ. ಅಳಿಸಿದ ಫೈಲಿನ ಐನೋಡ್ ಹೊಸ ಫೈಲಿಗೆ ಸಿಕ್ಕಾಗ, ಹಳೆಯ ಹ್ಯಾಂಡಲ್ ತಂದವರಿಗೆ ಬೇರೆಯವರ ಡೇಟಾ ಕೊಡದೆ ‘ಸ್ಟೇಲ್’ (ಹ್ಯಾಂಡಲ್ ಹಳಸಿದೆ) ಎರರ್ ಕೊಡಬಹುದು.

ರೀಡ್, ರೈಟ್ ಸುಲಭ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯೋಚಿಸಬೇಕಾದದ್ದು ವಿಎಫ್ಎಸ್ ಕರೆಗಳನ್ನು ನಡುವೆ ಹಿಡಿದು ಕೆಲಸ ಮಾಡುವ ಮಾಡ್ಯೂಲ್‌ಗಳನ್ನು ಒಂದರ ಮೇಲೊಂದು ಪೇರಿಸುವ ಬಗ್ಗೆ. ಸಾಂಬಾದ ರಿಸೈಕಲ್ ಮಾಡ್ಯೂಲ್ ‘ಅಳಿಸು’ ಎಂಬ ಕರೆಯನ್ನು ತಡೆದು, ಫೈಲನ್ನು ಬುಟ್ಟಿಗೆ ಸಾಗಿಸುವ ರೀನೇಮ್ ಮಾಡಿ ಕೆಳಕ್ಕೆ ಕಳಿಸುತ್ತದೆ. ನಡೆದದ್ದನ್ನು ಬರೆದಿಡುವ ಆಡಿಟ್ ಮಾಡ್ಯೂಲ್ ಅದರ ಮೇಲಿದ್ದರೆ ಲಾಗ್‌ನಲ್ಲಿ ‘ಅಳಿಸಿದರು’ ಎಂದು ಬರುತ್ತದೆ, ಕೆಳಗಿದ್ದರೆ ‘ಹೆಸರು ಬದಲಿಸಿದರು’ ಎಂದು. ಎರಡೂ ನಿಜವೇ, ಆದರೆ ಫೈಲ್ ಅಳಿಸಿದವರು ಯಾರೆಂದು ಹುಡುಕುವವರಿಗೆ ಬೇಕಾದದ್ದು ಮೊದಲನೆಯದು. ಆದ್ದರಿಂದ ಪ್ರತಿ ಮಾಡ್ಯೂಲ್ ತನ್ನ ಕೆಳಗಿನದನ್ನು ಮಾತ್ರ ಕರೆಯಲಿ. ರಾಶಿಯ ತುದಿಗೆ ಮರಳಿ ಹೋಗುವ ದಾರಿಯನ್ನೇ ಅದಕ್ಕೆ ಕೊಡಬೇಡಿ. ಪೇರಿಸುವ ಕ್ರಮ ಕಾನ್ಫಿಗ್ ಫೈಲಿನಲ್ಲಿ ಕಣ್ಣಿಗೆ ಕಾಣುವಂತಿರಲಿ.